ಆಮ್ಲದ ಹೊಗೆಗೆ ನೀರಿನ ಕಡಿವಾಣ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕೆ ಹೋದ ವಿದ್ಯಾರ್ಥಿಗಳು ಶಿಲ್ಪಗಳನ್ನು ಕಂಡು ಬೆರಗಾಗುವರು. ಶಿಲೆಯ ಗುಣವನ್ನು ವಿಚಾರಿಸುವವರು ವಿರಳ. ಹನ್ನೆರಡನೆಯ ಶತಮಾನದ ಆ ಶಿಲ್ಪಿಗಳು ಆರಿಸಿಕೊಂಡುದು ಬಳಪದ ಕಲ್ಲಿನ ಜಾತಿಯ ಮೆದುವಾದ ಶಿಲೆಯನ್ನು. ಬಳಪದ ಕಲ್ಲಿಗೆ ಇನ್ನೊಂದು ಗುಣವೂ ಉಂಟು. ಅದರ ಮುಖ್ಯ ಖನಿಜವಾದ ಟಾಲ್ಕ್ ಸಾಮಾನ್ಯ ಆಮ್ಲಗಳಿಗೆ ಸುಲಭವಾಗಿ ಮಣಿಯದು. ಆದುದರಿಂದಲೇ ಪಾಶ್ಚಾತ್ಯ ದೇಶಗಳ ರಸಾಯನಶಾಲೆಗಳಲ್ಲಿ ಮೇಜಿನ ಹಾಸಿಗೂ ತೊಟ್ಟಿಗೂ ಈ ಕಲ್ಲನ್ನು ಬಳಸುತ್ತಿದ್ದರು. ಆದರೆ ಮೇಜಿನ ಬಳಿ ನಿಂತವನ ಕಣ್ಣು, ಗಂಟಲು, ಶ್ವಾಸಕೋಶಗಳು ಕಲ್ಲಿನವಲ್ಲವಷ್ಟೆ! ಅವನ್ನು ಕಾಪಾಡುವ ಬಗೆ ಹೇಗೆ?

ಅಡಿಗೆಯ ಉಪ್ಪಿಗೆ ಪ್ರಬಲ ಗಂಧಕಾಮ್ಲವನ್ನು ಬೆರೆಸಿ ಕಾಯಿಸಿದರೆ ಹೈಡ್ರೊಜನ್ ಕ್ಲೋರೈಡ್ ಅನಿಲವು ಹೊರಡುತ್ತದೆ. ತೇವದ ಗಾಳಿಯಲ್ಲಿ ಬಿಳಿಯ ಹೊಗೆಯಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಸೋಡಾ ಕಾರ್ಖಾನೆಗಳು ಇದನ್ನೇ ಆಕಾಶಕ್ಕೆ ಬಿಟ್ಟು ಸುತ್ತಣ ಮರಗಿಡಗಳನ್ನು ಒಣಗಿಸಿದವು. 1836ರಲ್ಲಿ ವಿಲಿಯಂ ಗಾಸೇಜ್ ಎಂಬಾತನು ಗೋಪುರವೊಂದರಲ್ಲಿ ಕಡ್ಡಿಪುರಳೆಗಳನ್ನು ತುಂಬಿ, ಮೇಲಿನಿಂದ ನೀರನ್ನು ಜಿನುಗಿಸಿ, ಅನಿಲವನ್ನು ಅದರೊಳಗೆ ಹಾಯಿಸಿದನು. ಹೊಗೆಯು ನೀರಿನಲ್ಲಿ ಕರಗಿಹೋಯಿತು. 1863ರಲ್ಲಿ, ಶೇಕಡ 95ರಷ್ಟು ಅನಿಲವನ್ನಾದರೂ ಹೀಗೆ ಹಿಡಿಯಲೇಬೇಕೆಂದು ಅಲ್ಲಿ ಕಾಯಿದೆಯಾಯಿತು.

ಹಾಗಾದರೆ ಕೊಳವೆಯ ತುದಿಯನ್ನು ನೀರಿನಲ್ಲಿ ಅದ್ದಿದರೆ ಸಾಲದೆ? ಸಾಲದು, ಅದೇ ಅಪಾಯ. ನಾವು ವಿದ್ಯಾರ್ಥಿಯಾಗಿದ್ದಾಗ ಹಾಗೆಯೇ ಮಾಡಿದೆವು. ಉರಿಯನ್ನು ತೆಗೆದ ಕೆಲವೇ ಕ್ಷಣಗಳಲ್ಲಿ ನೀರು ಕೊಳವೆಯನ್ನೇರಿ ಬಿಸಿಯಾದ ಕೂಪಿಯೊಳಕ್ಕೆ ನುಗ್ಗಿತು. ಕೂಪಿ ಸಿಡಿಯಿತು. ಗೆಳೆಯನೊಬ್ಬನ ಮುಂಗೈಯ ಮೇಲೆ ಆ ದಿನದ ಗುರುತು ಇಂದಿಗೂ ಇದೆ.

ತಪ್ಪು ರಸಾಯನವಿಜ್ಞಾನದ್ದಲ್ಲ, ಭೌತವಿಜ್ಞಾನವನ್ನು ಮರೆತ ನಮ್ಮದು. ಕೊಠಡಿಯ ಉಷ್ಣತೆಯಲ್ಲಿ ಒಂದು ಲೀಟರ್ ನೀರು ಈ ಅನಿಲದ 400 ಲೀಟರಿಗೂ ಹೆಚ್ಚನ್ನು ನುಂಗಬಲ್ಲದು. ಅನಿಲವು ಹುಟ್ಟುವುದಕ್ಕಿಂತ ಬೇಗ ಕರಗಿದರೆ ಕೂಪಿಯೊಳಗಿನ ಒತ್ತಡ ಕುಗ್ಗುತ್ತದೆ. ಆಗ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ತೂಕದಷ್ಟಿರುವ ವಾಯುಭಾರವು ನೀರನ್ನು ಒಳಕ್ಕೆ ತಳ್ಳುತ್ತದೆ.

ಪರಿಹಾರ ಬಲು ಸರಳ. ಕೊಳವೆಯ ತುದಿಗೆ ಆಲಿಕೆಯೊಂದನ್ನು ಬೋರಲಾಗಿ ಜೋಡಿಸಿ, ಅದರ ಅಂಚು ನೀರಿನ ಮೇಲ್ಮೈಯನ್ನು ಮುಟ್ಟಿಯೂ ಮುಟ್ಟದಂತೆ ನಿಲ್ಲಿಸಬೇಕು. ನೀರು ಆಲಿಕೆಯೊಳಕ್ಕೆ ಏರಿದೊಡನೆ ಬಟ್ಟಲಿನ ನೀರಿನ ಮಟ್ಟ ಇಳಿಯುತ್ತದೆ. ಅಂಚಿನಡಿಯಿಂದ ಗಾಳಿ ಒಳನುಗ್ಗುತ್ತದೆ. ಏರಿದ ನೀರು ಕೆಳಕ್ಕೆ ಬೀಳುತ್ತದೆ. ಕೊನೆಯಲ್ಲಿ ಉಳಿಯುವ ನೀರೂ ಆಮ್ಲವೇ ಆದುದರಿಂದ, ನೊರೆ ನಿಲ್ಲುವವರೆಗೆ ಅಡಿಗೆ ಸೋಡಾವನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಿದ ಮೇಲೆಯೇ ಚೆಲ್ಲಬೇಕು.

ಈ ಉಪಾಯವು ಎಲ್ಲ ಹೊಗೆಗೂ ಸಲ್ಲದು. ತಾಮ್ರದ ಮೇಲೆ ನೈಟ್ರಿಕ್ ಆಮ್ಲ ಬಿದ್ದಾಗ ಏಳುವ ಕಂದುಬಣ್ಣದ ನೈಟ್ರೊಜನ್ ಡೈಆಕ್ಸೈಡನ್ನು ನೀರು ಪೂರ್ಣವಾಗಿ ಹಿಡಿಯಲಾರದು. ಅದರ ಒಂದು ಪಾಲು ನೈಟ್ರಿಕ್ ಆಕ್ಸೈಡ್ ಆಗಿ ತಪ್ಪಿಸಿಕೊಂಡು, ಗಾಳಿಯೊಡನೆ ಕೂಡಿ ಮತ್ತೆ ಕಂದುಹೊಗೆಯಾಗುತ್ತದೆ. ಇದನ್ನು ಸೇವಿಸಿದವನಿಗೆ ಆಗ ಕೆಮ್ಮಷ್ಟೇ ಬಂದು, ಹಲವು ಗಂಟೆಗಳ ಬಳಿಕ ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣಕ್ಕೇ ಸಂಚಕಾರ ಬರಬಹುದು. ಅಕ್ಕಸಾಲಿಗರ ಅಂಗಡಿಯಲ್ಲಿ ಆಮ್ಲದ ಕೆಲಸ ನಡೆಯುವಾಗ ಬಗ್ಗಿ ನೋಡುವ ಹುಡುಗರು ಇದನ್ನು ನೆನಪಿಡಬೇಕು.

ಆದುದರಿಂದ ಇಂಥ ಪ್ರಯೋಗಗಳಿಗೆ ಮನೆಯ ಹಿತ್ತಲು ತಕ್ಕ ಸ್ಥಳವಲ್ಲ. ಹೊಗೆಗೂಡುಳ್ಳ ಪ್ರಯೋಗಾಲಯವೂ ಪಕ್ಕದಲ್ಲಿ ಉಪಾಧ್ಯಾಯರೂ ಇರಲೇಬೇಕು. ಹೊಗೆ ಎಲ್ಲಿಗೆ ಹೋಗುವುದೆಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಆಮೇಲೆ ಆಮ್ಲದ ಸೀಸೆಯ ಬಿರಡೆಯನ್ನು ತೆಗೆಯುವುದೇ ಜಾಣತನ.