ಚೀಟಿ ಹಿಡಿದು ಬಂದವರು

1750ರಲ್ಲಿ ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯಲ್ಲಿ ಹೊಸದೊಂದು ಕಚೇರಿ ತೆರೆಯಿತು. ಬಾಡಿಗೆ ಮನೆ, ಸಾಲ, ಮನೆಯಾಳು ಎಲ್ಲಕ್ಕೂ ಅಲ್ಲಿ ವಿಚಾರಿಸಬಹುದಿತ್ತು. ಅದನ್ನು ನಡೆಸುತ್ತಿದ್ದವರು ಹಿಂದಿನ ವರ್ಷವಷ್ಟೇ ‘ಟಾಮ್ ಜೋನ್ಸ್’ ಕಾದಂಬರಿ ಪ್ರಕಟಿಸಿದ್ದ ಮ್ಯಾಜಿಸ್ಟ್ರೇಟ್ ಹೆನ್ರಿ ಫೀಲ್ಡಿಂಗ್ ಮತ್ತು ಕಣ್ಣು ಕಾಣದ ಅವನ ಮಲತಮ್ಮ ಜಾನ್. ಕೆಲಸ ಕೇಳಿ ಬಂದವರ ವಯಸ್ಸು, ಹಿಂದೆ ದುಡಿದ ಮನೆ, ಮದುವೆಯಾಗಿದೆಯೇ, ಸಿಡುಬು ಬಂದುಹೋಗಿದೆಯೇ ಎಂಬುದೆಲ್ಲ ದಾಖಲಾಗುತ್ತಿತ್ತು. ಕಳ್ಳರ ವಿಚಾರಣೆ ನಡೆಸುತ್ತಿದ್ದವನಿಗೆ ಇಂಥ ವಿವರಗಳ ಬೆಲೆ ಚೆನ್ನಾಗಿಯೇ ಗೊತ್ತಿತ್ತು.

ಆಗಿನ ಇಂಗ್ಲೆಂಡಿನಲ್ಲಿ ಹಿಂದಿನ ಯಜಮಾನರ ನಡತೆ ಪತ್ರವಿಲ್ಲದೆ ಒಳ್ಳೆಯ ಮನೆಯಲ್ಲಿ ಕೆಲಸ ಸಿಗುವುದು ಕಷ್ಟ. ಪತ್ರಕ್ಕೆ ಬೆಲೆ ಬಂದದ್ದೇ ತಡ, ಖೋಟಾ ಪತ್ರಗಳೂ ಬಂದವು. ಯಜಮಾನರ ಸೋಗು ಹಾಕಿ ಹೊಗಳುವವರೂ ಹುಟ್ಟಿಕೊಂಡರು. 1792ರ ಕಾಯ್ದೆ ಇವರಿಗೆಲ್ಲ 20 ಪೌಂಡ್ ದಂಡ ವಿಧಿಸಿತು. ಸಾಮಾನ್ಯ ಕೆಲಸದಾಕೆಯ ವರ್ಷದ ಸಂಬಳವೂ ಅಷ್ಟಿರಲಿಲ್ಲ. ಯಜಮಾನ ಪತ್ರ ಕೊಡಲೇಬೇಕೆಂಬ ಕಟ್ಟಳೆ ಮಾತ್ರ ಇರಲಿಲ್ಲ. ಮುನಿಸಿಕೊಂಡ ಒಡತಿ ಸುಮ್ಮನಿದ್ದರೂ ಸಾಕಿತ್ತು, ಆಳಿನ ಅನ್ನ ಹೋಗುತ್ತಿತ್ತು.

ಬ್ರಿಟಿಷರ ಜೊತೆ ಈ ಪದ್ಧತಿ ಭಾರತಕ್ಕೂ ಬಂತು. ಬಟ್ಲರುಗಳು, ಆಯಾಗಳು ಹಳೆಯ ದೊರೆಗಳ ಚೀಟಿಗಳನ್ನು ಜೋಪಾನವಾಗಿ ಕಟ್ಟಿಟ್ಟುಕೊಂಡು ಬಂಗಲೆಯಿಂದ ಬಂಗಲೆಗೆ ಹೋಗುತ್ತಿದ್ದರು. ಎರವಲು ಚೀಟಿ, ಕೊಂಡ ಚೀಟಿಗಳ ಬಗ್ಗೆ ದೊರೆಸಾನಿಯರ ದೂರು. ಇಂಗ್ಲಿಷ್ ಓದಲು ಬಾರದೆ, ತನ್ನನ್ನೇ ಬೈದ ಚೀಟಿಯನ್ನು ಹೆಮ್ಮೆಯಿಂದ ಚಾಚಿದ ಆಳಿನ ಕಥೆ ಅವರಿಗೆ ನಗೆಚಾಟಿಕೆಯ ಸರಕು. ಇಂದು ಓದಿದರೆ ನಗು ಬರಲಿಕ್ಕಿಲ್ಲ.

ಕೆಲಸಕ್ಕೆ ಬಂದವನು ಯಾರು ಎಂಬ ಅದೇ ಹಳೆಯ ಪ್ರಶ್ನೆಗೆ ಬೆಂಗಳೂರು ಬೆಚ್ಚಿಬಿದ್ದದ್ದು 2005ರ ಡಿಸೆಂಬರಿನಲ್ಲಿ. ರಾತ್ರಿ ಪಾಳಿಗೆ ಹೊರಟ ಕಾಲ್ ಸೆಂಟರ್ ಉದ್ಯೋಗಿಯೊಬ್ಬರನ್ನು ಕ್ಯಾಬ್ ಚಾಲಕನೇ ಕೊಂದ. ಅಂದು ಬರಬೇಕಿದ್ದ ಚಾಲಕ ಬೇರೆ, ಬಂದವನು ಬೇರೆ. ಅದೇ ವರ್ಷ ಪುಣೆಯ ಕಾಲ್ ಸೆಂಟರೊಂದರ ನೌಕರರು ಅಮೆರಿಕದ ಬ್ಯಾಂಕ್ ಗ್ರಾಹಕರ ಖಾತೆಗಳಿಗೆ ಕನ್ನ ಹಾಕಿದ್ದರು. 2006ರ ಜನವರಿಯಲ್ಲಿ ಐಟಿ ಕಂಪನಿಗಳ ಒಕ್ಕೂಟ ನಾಸ್ಕಾಂ ಐಟಿ ನೌಕರರಿಗಾಗಿ ರಾಷ್ಟ್ರಮಟ್ಟದ ನೋಂದಣಿ ಶುರುಮಾಡಿತು. ಓದು, ಹಿಂದಿನ ಕೆಲಸಗಳ ವಿವರದ ಜೊತೆಗೆ ಫೋಟೊ, ಬೆರಳಚ್ಚು ಕೂಡ ಅದರಲ್ಲಿ ಸೇರಿದವು.

ಖೋಟಾ ಕಾಗದ ಮಾತ್ರ ತೊಲಗಲಿಲ್ಲ. 2014ರಲ್ಲಿ ದೆಹಲಿಯಲ್ಲಿ ಪ್ರಯಾಣಿಕಳ ಮೇಲೆ ಅತ್ಯಾಚಾರ ಎಸಗಿದ ಆ್ಯಪ್ ಕ್ಯಾಬ್ ಚಾಲಕನ ಬಳಿ ಪೊಲೀಸರ ಹೆಸರಿನ ನಡತೆ ಪ್ರಮಾಣಪತ್ರವಿತ್ತು. ಅದು ನಕಲಿಯೆಂದು ಪೊಲೀಸರೇ ಹೇಳಿದರು.

ಕರ್ನಾಟಕದಲ್ಲೀಗ ಮನೆಗೆಲಸದವರ ಪೊಲೀಸ್ ಪರಿಶೀಲನೆಗೆ ಸೇವಾ ಸಿಂಧು ಪೋರ್ಟಲ್‌ನಲ್ಲೇ ಅರ್ಜಿ ಹಾಕಬಹುದು. ಠಾಣೆಯಲ್ಲಿ ಕೇಸಿದೆಯೇ ಎಂಬುದು ಅದರಿಂದ ತಿಳಿದೀತು. ಹಿಂದಿನ ಮನೆಯನ್ನು ಯಾಕೆ ಬಿಟ್ಟರು, ಅಲ್ಲಿನ ಮಗುವನ್ನು ಹೇಗೆ ನೋಡಿಕೊಂಡರು ಎಂಬುದನ್ನು ಆ ಮನೆಯವರನ್ನೇ ಕೇಳಬೇಕು. ಕೆಲಸಕ್ಕೆ ಸೇರುವಾಕೆಗೆ ಮಾತ್ರ ಇಂಥ ಯಾವ ಅರ್ಜಿಯೂ ಇಲ್ಲ. ಸಂಬಳ ಸತಾಯಿಸುವ ಮನೆ ಯಾವುದು, ರಜೆ ಕೊಡದ ಮನೆ ಯಾವುದು ಎಂದು ಆಕೆ ಅಕ್ಕಪಕ್ಕದ ಕೆಲಸದವರನ್ನು ವಿಚಾರಿಸಿಯೇ ಒಪ್ಪಿಕೊಳ್ಳುತ್ತಾಳೆ.