ಊರು ಕದಲದೆ ಕೊಂಡಿ ಕಳಚಿದ ಕತೆ

1953ರ ಅಕ್ಟೋಬರ್ 1ರಂದು ರಾಯದುರ್ಗ ತಾಲ್ಲೂಕು ಬಳ್ಳಾರಿಯಿಂದ ಕಳಚಿ ಅನಂತಪುರ ಜಿಲ್ಲೆಗೆ ಸೇರಿತು. ಬೆಟ್ಟ, ಕೋಟೆ, ಮನೆಮಾತಿನ ಕನ್ನಡ ಎಲ್ಲ ಇದ್ದಲ್ಲೇ ಇದ್ದವು. 2022ರಲ್ಲಿ ಮಡಕಶಿರ ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದಾಗಲೂ ಊರು ಕದಲಲಿಲ್ಲ. ಬದಲಾದದ್ದು ಪಟ್ಟಿ ಮಾತ್ರ. ಕಂಪ್ಯೂಟರಿನ ಮೆಮೊರಿಯಲ್ಲಿ ಇಂಥದೇ ಉಪಾಯ ಕಂಡುಕೊಂಡವರು ಮೂವರು.

ಅದು 1955–56ರ ಮಾತು. ಅಮೆರಿಕದ ರ‍್ಯಾಂಡ್ ಸಂಸ್ಥೆಯ ಅಲೆನ್ ನ್ಯೂವೆಲ್, ಕ್ಲಿಫ್ ಶಾ ಮತ್ತು ಪಿಟ್ಸ್‌ಬರ್ಗಿನ ಹರ್ಬರ್ಟ್ ಸೈಮನ್ ತರ್ಕದ ಪ್ರಮೇಯಗಳನ್ನು ಸಾಧಿಸುವ ಪ್ರೋಗ್ರಾಂ ಬರೆಯಲು ಹೊರಟಿದ್ದರು. ಸಾಧನೆ ನಡೆಯುತ್ತಿದ್ದಂತೆ ಸೂತ್ರಗಳು ಬೆಳೆಯುತ್ತಿದ್ದವು, ಕುಗ್ಗುತ್ತಿದ್ದವು. ಎಷ್ಟು ಜಾಗ ಬೇಕೆಂದು ಮೊದಲೇ ಹೇಳುವಂತಿರಲಿಲ್ಲ. ಸಾಲಾಗಿ ಜೋಡಿಸಿಟ್ಟರೆ, ನಡುವಿನ ಒಂದನ್ನು ತೆಗೆದಾಗಲೆಲ್ಲ ಅದರ ನಂತರದವನ್ನೆಲ್ಲ ಸರಿಸಬೇಕಿತ್ತು.

ಅವರು ಸಾಲನ್ನೇ ಬಿಟ್ಟರು. ಮಾಹಿತಿಯ ತುಣುಕನ್ನು ಇಡುವ ಪ್ರತಿ ಜಾಗದಲ್ಲೂ, ಅಂದರೆ ನೋಡ್‌ನಲ್ಲೂ, ಮಾಹಿತಿಯ ಜೊತೆಗೆ ಮುಂದಿನ ನೋಡ್‌ನ ವಿಳಾಸವೆಂಬ ಕೊಂಡಿ ಇಟ್ಟರು. ಇದೇ ಲಿಂಕ್ಡ್ ಲಿಸ್ಟ್. ರಾಯದುರ್ಗದ ಫಲಕ ಕಲ್ಯಾಣದುರ್ಗವನ್ನು, ಕಲ್ಯಾಣದುರ್ಗದ ಫಲಕ ಮಡಕಶಿರವನ್ನು ತೋರಿಸುತ್ತದೆ ಎನ್ನಿ. ಕಲ್ಯಾಣದುರ್ಗವನ್ನು ಪಟ್ಟಿಯಿಂದ ತೆಗೆಯಲು ರಾಯದುರ್ಗದ ಫಲಕದಲ್ಲಿ ‘ಮಡಕಶಿರ’ ಎಂದು ಬರೆದರಾಯಿತು. ಆದರೆ ಕಲ್ಯಾಣದುರ್ಗದ ಫಲಕವನ್ನು ಓದಿಕೊಳ್ಳುವ ಮೊದಲೇ ಅಳಿಸಿದರೆ ಮಡಕಶಿರದ ದಾರಿಯೇ ತಪ್ಪುತ್ತದೆ. ಇಂದಿಗೂ ಹೊಸಬರು ಎಡವುವುದು ಇಲ್ಲೇ. ಪಟ್ಟಿಯ ಮೊದಲ ಊರನ್ನೇ ತೆಗೆಯುವುದಾದರೆ ಹಿಂದಿನ ಫಲಕವಿಲ್ಲ. ಆಗ ಪಟ್ಟಿಯ ಆರಂಭವನ್ನೇ ಮುಂದಿನ ಊರಿಗೆ ತಿರುಗಿಸಬೇಕು.

ಆ ಮೂವರು ಬರೆದ ಪ್ರೋಗ್ರಾಂ ‘ಲಾಜಿಕ್ ಥಿಯರಿಸ್ಟ್’, ವೈಟ್‌ಹೆಡ್ ಮತ್ತು ರಸೆಲ್ ಅವರ ‘ಪ್ರಿನ್ಸಿಪಿಯಾ ಮ್ಯಾಥಮ್ಯಾಟಿಕಾ’ದ ಎರಡನೇ ಅಧ್ಯಾಯದ ಮೊದಲ 52 ಪ್ರಮೇಯಗಳಲ್ಲಿ 38ನ್ನು ಸಾಧಿಸಿತು. ಆದರೂ ಕೆಲಸ ಅರ್ಧವೇ ಆಗಿತ್ತು. ಕಳಚಿದ ನೋಡ್ ಮೆಮೊರಿಯಲ್ಲಿ ಜಾಗ ಹಿಡಿದೇ ಇರುತ್ತದೆ. ಅವರು ರೂಪಿಸಿದ ಐಪಿಎಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಖಾಲಿ ಜಾಗಗಳದ್ದೇ ಒಂದು ಪಟ್ಟಿ ಇತ್ತು. ಕಳಚಿದ್ದನ್ನು ಅದಕ್ಕೆ ಮರಳಿಸುವ ಹೊಣೆ ಪ್ರೋಗ್ರಾಂ ಬರೆಯುವವರದು. ಮರೆತರೆ ಆ ಜಾಗ ಯಾರಿಗೂ ಸಿಗದು.

ಆ ಹೊಣೆಯನ್ನು ಯಂತ್ರಕ್ಕೇ ವಹಿಸುವ ಎರಡು ದಾರಿಗಳು 1960ರಲ್ಲಿ ಪ್ರಕಟವಾದವು. ಜಾನ್ ಮೆಕಾರ್ತಿಯವರ ಲಿಸ್ಪ್ ಭಾಷೆ, ಕೊಂಡಿ ಹಿಡಿದು ತಲುಪಬಹುದಾದವನ್ನೆಲ್ಲ ಗುರುತಿಸಿ, ಉಳಿದವನ್ನು ಬಾಚಿಕೊಳ್ಳುತ್ತಿತ್ತು. ಜಾರ್ಜ್ ಕಾಲಿನ್ಸ್ ಒಂದು ನೋಡನ್ನು ಎಷ್ಟು ಕೊಂಡಿಗಳು ತೋರಿಸುತ್ತವೆಂದು ಎಣಿಸಿದರು; ಎಣಿಕೆ ಸೊನ್ನೆಯಾದರೆ ಜಾಗ ಬಿಡುಗಡೆ.

ಯಂತ್ರದಲ್ಲಿ ಕೊನೆಯ ಕೊಂಡಿ ಕಳಚಿದ್ದನ್ನು ಮತ್ತೆ ತಲುಪಲಾಗದು. ಗಡಿಯ ಊರುಗಳಿಗೆ ಆ ಗತಿ ಬಂದಿಲ್ಲ. ಜಿಲ್ಲೆಯ ಪಟ್ಟಿ ಬದಲಾದರೂ ರಾಯದುರ್ಗ, ಮಡಕಶಿರಗಳ ಮನೆಗಳಲ್ಲಿ ಕನ್ನಡವೆಂಬ ಕೊಂಡಿ ಇನ್ನೂ ಕಳಚಿಲ್ಲ.