ಒರಟು ನಗೆಯ ಜಮಾ-ಖರ್ಚು



ಒಂದೇ ಸಿನಿಮಾ ನೋಡಿ ಒಬ್ಬ ವಿಮರ್ಶಕರು ಹೊಗಳುತ್ತಾರೆ, ಇನ್ನೊಬ್ಬರು ಮುಖ ಸಿಂಡರಿಸುತ್ತಾರೆ. ‘ಲೋಕೋ ಭಿನ್ನರುಚಿಃ’ ಎಂದು ನಾವು ಸುಮ್ಮನಾಗುತ್ತೇವೆ. ಆದರೆ ರುಚಿಯ ಹಿಂದೆ ಒಂದು ಲೆಕ್ಕವೂ ಇರುತ್ತದೆ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದೇ ತಲೆ ನರೆತ ನನಗೆ ಆ ಲೆಕ್ಕದ ಮೇಲೆಯೇ ಕಣ್ಣು.

ಒಂದು ಉದಾಹರಣೆ ನೋಡೋಣ. 1978ರ ಜುಲೈಯಲ್ಲಿ ಅಮೆರಿಕದಲ್ಲಿ ‘ಅನಿಮಲ್ ಹೌಸ್’ ಎಂಬ ಹಾಸ್ಯಚಿತ್ರ ತೆರೆಕಂಡಿತು. ನಿರ್ದೇಶಕರು ಜಾನ್ ಲ್ಯಾಂಡಿಸ್. ಇದು ಒಬ್ಬ ನಾಯಕನ ಕಥೆಯಲ್ಲ, ಒಂದು ಗುಂಪಿನ ಕಥೆ. 1962ರ ಒಂದು ಕಾಲ್ಪನಿಕ ಕಾಲೇಜು; ಓದು ಬಿಟ್ಟು ಕುಡಿದು ಗಲಾಟೆ ಮಾಡುವ ಹುಡುಗರ ‘ಡೆಲ್ಟಾ’ ಎಂಬ ಸಂಘ; ಅವರನ್ನು ಹೊರದಬ್ಬಲು ಹೊಂಚುವ ಡೀನ್. ಊಟದ ಹಾಲಿನಲ್ಲಿ ನಟ ಜಾನ್ ಬೆಲೂಶಿ ಬಾಯಿ ತುಂಬ ತಿನಿಸು ತುಂಬಿಕೊಂಡು, ಕೆನ್ನೆ ಗುದ್ದಿಕೊಂಡು, ಎದುರಿಗಿದ್ದವರ ಮೇಲೆ ಸಿಡಿಸುತ್ತಾರೆ. ಹಾಸ್ಯದ ಮಟ್ಟ ಇದು!

ಷಿಕಾಗೋದ ವಿಮರ್ಶಕ ರೋಜರ್ ಈಬರ್ಟ್ ಇದಕ್ಕೆ ನಾಲ್ಕಕ್ಕೆ ನಾಲ್ಕು ನಕ್ಷತ್ರ ಕೊಟ್ಟರು. ‘ಟೈಮ್’ ಪತ್ರಿಕೆಯ ಫ್ರಾಂಕ್ ರಿಚ್ ಬಾಲಿಶತನವನ್ನು ಎತ್ತಿ ತೋರಿಸಿದರೂ, ನಗಿಸುವ ಭಾಗಗಳು ಅದನ್ನು ತುಂಬಿಕೊಡುತ್ತವೆ ಎಂದರು. ಹೊಲಸೆಂದು ಮೂಗು ಮುಚ್ಚಿಕೊಂಡವರೂ ಇದ್ದರು. ಸುಮಾರು 30 ಲಕ್ಷ ಡಾಲರಿನಲ್ಲಿ ತಯಾರಾದ ಚಿತ್ರ 14 ಕೋಟಿಗೂ ಮೀರಿ ಗಳಿಸಿತು.

ಈಗ ಖಾತೆ ತೆರೆಯೋಣ. ಜಮಾ ಕಡೆ ಒಂದು ದೃಶ್ಯವಿದೆ. ಇಬ್ಬರು ಹೊಸ ಹುಡುಗರು ಸಿರಿವಂತರ ‘ಒಮೆಗಾ’ ಸಂಘದ ಸತ್ಕಾರಕ್ಕೆ ಹೋಗುತ್ತಾರೆ. ಅಲ್ಲಿಯವರು ನಯವಾಗಿ ನಗುತ್ತಲೇ ಇವರನ್ನು, ಪರದೇಶದ ಮತ್ತು ಅಂಗವಿಕಲ ವಿದ್ಯಾರ್ಥಿಗಳನ್ನು ಕೂರಿಸಿದ್ದ ಮೂಲೆಗೆ ತಳ್ಳುತ್ತಾರೆ. ಇಲ್ಲಿ ನಗೆ ಬೀಳುವುದು ಮೂಲೆಯಲ್ಲಿ ಕೂತವರ ಮೇಲಲ್ಲ, ಕೂರಿಸಿದವರ ಮೇಲೆ. ಒರಟಾದರೂ ಅದು ನ್ಯಾಯದ ನಗೆ.

ಖರ್ಚಿನ ಕಡೆ? ಬೆಲೂಶಿಯ ಪಾತ್ರ ಏಣಿ ಹತ್ತಿ ಹುಡುಗಿಯರ ಕಿಟಕಿ ಇಣುಕುತ್ತದೆ. ಒಬ್ಬ ಹುಡುಗನ ಗೆಳತಿಗೆ ಬರೇ 13 ವರ್ಷವೆಂಬುದೂ ಅಲ್ಲಿ ತಮಾಷೆಯೇ. ಇಲ್ಲಿ ನಗೆ ಬಲವಿಲ್ಲದವರ ಮೇಲೆ ಬೀಳುತ್ತದೆ. 2001ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಈ ಚಿತ್ರ ಸೇರಿತು ನಿಜ. ಅದರಿಂದ ಈ ಖರ್ಚು ವಜಾ ಆಗುವುದಿಲ್ಲ.

ನಾನು ಕೆಲಸದಲ್ಲಿದ್ದಾಗ, ಹೊಸದಾಗಿ ಸೇರಿದ ಒಬ್ಬ ಜವಾನನ ತೊದಲು ಮಾತನ್ನು ಅಣಕಿಸಿ ನಾವೆಲ್ಲ ನಗುತ್ತಿದ್ದೆವು. ಅವನೂ ನಗುತ್ತಿದ್ದ. ಆ ನಗುವಿನ ಅರ್ಥ ನನಗೆ ತಿಳಿದದ್ದು, ಅವನು ನಮ್ಮೊಡನೆ ಚಹಾಕ್ಕೆ ಬರುವುದನ್ನೇ ನಿಲ್ಲಿಸಿದ ಮೇಲೆ.

ಆದ್ದರಿಂದ ವಿಮರ್ಶೆ ಓದುವಾಗ ನಕ್ಷತ್ರಗಳನ್ನಷ್ಟೇ ಎಣಿಸಬೇಡಿ. ನಗೆ ಯಾರ ಖರ್ಚಿನಲ್ಲಿ ಬಂತು ಎಂದು ಬರೆದಿದ್ದಾರೆಯೇ, ನೋಡಿ. ಬರೆದಿರದಿದ್ದರೆ ಆ ಕಾಲಮನ್ನು ನೀವೇ ತುಂಬಿ.